ಅಜ್ಜಿಯ ಸೋಡಾಬುಡ್ಡಿ

ನಮ್ಮ ಉಬ್ರಾಣಿ ಕಡೆ ಅಡಿಕೆ ಸುಲಿಯುವ ಹೆಂಗಸಿಗೆ ಕಣ್ಣು ಮಂಜಾದರೆ ಕೈಕೆಲಸವೂ ಹೋದಂತೆಯೇ. ಅಜ್ಜಿಗೆ ಪೊರೆ ಬಂದದ್ದು ಡಾ. ಎಂ. ಸಿ. ಮೋದಿಯವರು ಊರೂರು ತಿರುಗಿ ಬಡವರಿಗೆ ಉಚಿತ ಶಸ್ತ್ರಚಿಕಿತ್ಸೆ ಮಾಡುತ್ತಿದ್ದ ಕಾಲದಲ್ಲಿ. ಒಂದೇ ದಿನ 833 ಪೊರೆ ತೆಗೆದು ಗಿನ್ನೆಸ್ ಪುಸ್ತಕ ಸೇರಿದವರು ಅವರು.

ಅಜ್ಜಿಯದೂ ಒಂದು ಶಿಬಿರದಲ್ಲೇ ಆಯಿತು. ಪೊರೆಯ ಜೊತೆ ಮಸೂರವೂ ಹೋಯಿತು. ಸೋಡಾಬುಡ್ಡಿ ಕನ್ನಡಕವಿಲ್ಲದೆ ಮೊಮ್ಮಕ್ಕಳ ಮುಖವೂ ಕಾಣದು. 1949ರಲ್ಲೇ ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲೆ ಕಣ್ಣೊಳಗೆ ಕೃತಕ ಮಸೂರ ಇಟ್ಟಿದ್ದರು. ಅದು ನಮ್ಮಂಥವರನ್ನು ಮುಟ್ಟಲು ದಶಕಗಳೇ ಹಿಡಿದವು.

ನನಗೆ ಆ ಮಸೂರ ಹಾಕಿದರು. ಎರಡು ವರ್ಷಕ್ಕೆ ಮತ್ತೆ ಮಂಜು! ಪೊರೆ ಮರಳಿತೇ ಎಂದು ಎದೆ ನಡುಗಿತು. “ಇಲ್ಲಮ್ಮ, ಮಸೂರದ ಹಿಂದಿನ ಪರದೆ ಮಬ್ಬಾಗಿದೆ ಅಷ್ಟೆ” ಎಂದರು ಡಾಕ್ಟರಮ್ಮ. ಗದ್ದ ಊರಿಸಿ ಕೂರಿಸಿ, ಯಾಗ್ ಲೇಸರಿನಿಂದ ಪರದೆಗೆ ಪುಟ್ಟ ಕಿಂಡಿ ಮಾಡಿದರು. ಕತ್ತರಿಯಿಲ್ಲ, ಹೊಲಿಗೆಯಿಲ್ಲ, ಕೆಲವೇ ನಿಮಿಷ. ಒಂದಷ್ಟು ದಿನ ನೊಣದಂಥ ಚುಕ್ಕೆಗಳು ತೇಲಿದವು, ಹನಿ ಹಾಕಿಕೊಂಡೆ. ಚುಕ್ಕೆ ದಿಢೀರನೆ ಹೆಚ್ಚಿದರೆ, ಮಿಂಚು ಹೊಳೆದರೆ ಮಾತ್ರ ತಡಮಾಡಬಾರದು ಎಂದಿದ್ದರು.

ಮೂರನೆಯ ದಿನ ಸೂಜಿಗೆ ನಾನೇ ದಾರ ಪೋಣಿಸಿದೆ. ಅಜ್ಜಿಗೆ ಎಷ್ಟೋ ವರ್ಷ ಅದನ್ನು ಪೋಣಿಸಿ ಕೊಟ್ಟವಳೂ ನಾನೇ.