ದಡದಲ್ಲಿ ನಿಂತವರು: ಕನ್ನಡ ಚಿತ್ರಗಳಲ್ಲಿ ಸಂಕಟ ಮತ್ತು ಅನುಕಂಪ

1934ರಲ್ಲಿ ‘ಸತಿ ಸುಲೋಚನಾ’ದೊಂದಿಗೆ ಮಾತು ಕಲಿತ ಕನ್ನಡ ಚಲನಚಿತ್ರವು ಮೊದಲ ಮೂರು ದಶಕಗಳಲ್ಲಿ ವೃತ್ತಿರಂಗಭೂಮಿಯ ಪುರಾಣ ಮತ್ತು ಭಕ್ತಿಕಥೆಗಳನ್ನೇ ಹೆಚ್ಚಾಗಿ ನೆಚ್ಚಿಕೊಂಡಿತ್ತು. ಆ ಕಥೆಗಳಲ್ಲಿ ಸಂಕಟವೆಂಬುದು ದೈವವು ಒಡ್ಡುವ ಪರೀಕ್ಷೆಯಾಗಿದ್ದು, ಕಡೆಯ ದೃಶ್ಯದಲ್ಲಿ ದೈವವೇ ಅದನ್ನು ಪರಿಹರಿಸುತ್ತಿದ್ದುದರಿಂದ ಪ್ರೇಕ್ಷಕನ ಪಾಲಿಗೆ ಉಳಿಯುತ್ತಿದ್ದುದು ಕಣ್ಣೀರು ಮತ್ತು ನೆಮ್ಮದಿ ಮಾತ್ರ. 1964ರಲ್ಲಿ ತೆರೆಕಂಡ ಎನ್. ಲಕ್ಷ್ಮೀನಾರಾಯಣ್ ಅವರ ‘ನಾಂದಿ’ಯು ಕಿವಿ ಕೇಳದ, ಮಾತು ಬಾರದ ಹೆಣ್ಣೊಬ್ಬಳ ಸಂಸಾರವನ್ನು ಕಥಾವಸ್ತುವಾಗಿಸಿ ಈ ದಾರಿಯನ್ನು ಬದಲಿಸಿತು. 1970ರ ದಶಕದ ಆರಂಭದಲ್ಲಿ ಪುಟ್ಟಣ್ಣ ಕಣಗಾಲ್ ಅವರು ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿ ಮಾಡಿದ ‘ಶರಪಂಜರ’ವು ಇನ್ನೂ ಒಂದು ಹೆಜ್ಜೆ ಮುಂದಿಟ್ಟಿತು. ಅಲ್ಲಿ ಕಲ್ಪನಾ ಅಭಿನಯಿಸಿದ ಕಾವೇರಿಯು ಮಾನಸಿಕ ಕಾಯಿಲೆಯಿಂದ ಗುಣಮುಖಳಾಗಿ ಆಸ್ಪತ್ರೆಯಿಂದ ಮನೆಗೆ ಬಂದರೂ, ಗಂಡನೂ ನೆರೆಹೊರೆಯವರೂ ಅವಳನ್ನು ಹುಚ್ಚಿಯೆಂದೇ ಕಾಣುತ್ತ ಮತ್ತೆ ಅದೇ ಕಾಯಿಲೆಗೆ ತಳ್ಳುತ್ತಾರೆ. ನೋಯುವವರ ಜೊತೆಗೆ ನೋವನ್ನು ನೋಡುವವರನ್ನೂ ಚೌಕಟ್ಟಿನೊಳಗೆ ತಂದು ನಿಲ್ಲಿಸುವ ಈ ಕ್ರಮವೇ ಮುಂದಿನ ಉತ್ತಮ ಕನ್ನಡ ಚಿತ್ರಗಳ ನಿಜವಾದ ಬಲವಾಯಿತು.

1970ರ ‘ಸಂಸ್ಕಾರ’ವನ್ನು ಮದರಾಸಿನ ಸೆನ್ಸಾರ್ ಮಂಡಳಿ ಮೊದಲು ತಡೆಹಿಡಿದಿತ್ತು. ಆನಂತರ ಬಿಡುಗಡೆಯಾಗಿ ರಾಷ್ಟ್ರದ ಅತ್ಯುತ್ತಮ ಚಿತ್ರವೆಂಬ ಮನ್ನಣೆ ಪಡೆದ ಪಟ್ಟಾಭಿರಾಮ ರೆಡ್ಡಿಯವರ ಈ ಕೃತಿಯಿಂದ ‘ಹೊಸ ಅಲೆ’, ಅಂದರೆ ಕಡಿಮೆ ಬಂಡವಾಳದಲ್ಲಿ, ಹಾಡು ಕುಣಿತಗಳ ಹಂಗಿಲ್ಲದೆ, ಬಹುಪಾಲು ಸಾಹಿತ್ಯಕೃತಿಗಳನ್ನು ಆಧರಿಸಿ ತಯಾರಾದ ಚಿತ್ರಗಳ ಪರಂಪರೆ ಕನ್ನಡದಲ್ಲಿ ಮೊದಲಾಯಿತು.

ಶಿವರಾಮ ಕಾರಂತರು 1933ರಲ್ಲಿ ಪ್ರಕಟಿಸಿದ್ದ ‘ಚೋಮನ ದುಡಿ’ಯನ್ನು ಬಿ.ವಿ. ಕಾರಂತರು 1975ರಲ್ಲಿ ತೆರೆಗೆ ತಂದಾಗ, ಉಳುವವನಿಗೇ ಭೂಮಿ ಎಂಬ ತತ್ತ್ವದ ಭೂಸುಧಾರಣಾ ತಿದ್ದುಪಡಿಯನ್ನು ದೇವರಾಜ ಅರಸು ಅವರ ಸರ್ಕಾರ ಜಾರಿಗೆ ತಂದು ಹೆಚ್ಚು ಕಾಲವಾಗಿರಲಿಲ್ಲ. ಆದ್ದರಿಂದ ತುಂಡು ಗದ್ದೆಯನ್ನು ತಾನೇ ಉಳಬೇಕೆಂಬ ಅಸ್ಪೃಶ್ಯ ಜೀತದಾಳು ಚೋಮನ ಆಸೆ ನಾಲ್ಕು ದಶಕಗಳ ಹಿಂದಿನ ಕಥೆಯಾಗಿ ಉಳಿಯದೆ, ಆ ಹೊತ್ತಿನ ಪ್ರಶ್ನೆಯಾಗಿಯೇ ಕಂಡಿತು. ಎತ್ತುಗಳಿದ್ದರೂ ಜಾತಿಯ ಕಟ್ಟಳೆ ಅವನಿಗೆ ಬೇಸಾಯವನ್ನು ನಿಷೇಧಿಸುತ್ತದೆ. ಹಳೆಯ ಸಾಲ ಮಕ್ಕಳನ್ನು ಘಟ್ಟದ ಕಾಫಿ ತೋಟಕ್ಕೆ ಎಳೆಯುತ್ತದೆ. ಅವನ ಎಳೆಯ ಮಗ ಹೊಳೆಯಲ್ಲಿ ಮುಳುಗುತ್ತಿರುವಾಗ ದಡದಲ್ಲಿ ಜನರಿದ್ದಾರೆ, ಈಜು ಬಲ್ಲವರೂ ಇರಬಹುದು, ಆದರೆ ಮುಟ್ಟಿದರೆ ಮೈಲಿಗೆಯೆಂಬ ಒಂದೇ ಕಾರಣಕ್ಕೆ ಯಾರೂ ನೀರಿಗಿಳಿಯುವುದಿಲ್ಲ. ಕೊಲೆಗಾರನೇ ಇಲ್ಲದ ಈ ಸಾವಿನಲ್ಲಿ ಒಬ್ಬ ಖಳನನ್ನು ದ್ವೇಷಿಸಿ ಹಗುರಾಗುವ ಅವಕಾಶ ಪ್ರೇಕ್ಷಕನಿಗೆ ಸಿಗುವುದಿಲ್ಲ. ಚೋಮನ ಪಾತ್ರಕ್ಕೆ ಎಂ.ವಿ. ವಾಸುದೇವರಾಯರಿಗೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿಯೂ, ಚಿತ್ರಕ್ಕೆ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿಯಾದ ಸ್ವರ್ಣಕಮಲವೂ ದೊರೆತವು.

ಎರಡು ವರ್ಷಗಳ ಬಳಿಕ ಗಿರೀಶ ಕಾಸರವಳ್ಳಿಯವರು ಯು.ಆರ್. ಅನಂತಮೂರ್ತಿಯವರ ಕಥೆಯಿಂದ ರೂಪಿಸಿದ ‘ಘಟಶ್ರಾದ್ಧ’ವು ಈ ಪರಂಪರೆಯ ಅತ್ಯಂತ ಸೂಕ್ಷ್ಮವಾದ ಕೃತಿಯೆನ್ನಬೇಕು. ಘಟಶ್ರಾದ್ಧವೆಂದರೆ ಮಡಕೆಯೊಡೆದು, ಬದುಕಿರುವ ವ್ಯಕ್ತಿಗೇ ಅಪರಕ್ರಿಯೆ ಮಾಡಿ ಜಾತಿಯಿಂದ ಹೊರಹಾಕುವ ವಿಧಿ. ವೇದಪಾಠಶಾಲೆ ನಡೆಸುವ ಉಡುಪರ ವಿಧವೆ ಮಗಳು ಯಮುನಾ ಶಾಲಾ ಮಾಸ್ತರನೊಬ್ಬನಿಂದ ಬಸಿರಾಗಿ, ಅವನು ಜಾರಿಕೊಂಡ ಮೇಲೆ ಒಂಟಿಯಾಗುತ್ತಾಳೆ. ಇದೆಲ್ಲವನ್ನೂ ಚಿತ್ರವು ಪಾಠ ಕಲಿಯಲು ಬಂದ ನಾಣಿಯೆಂಬ ಹುಡುಗನ ಕಣ್ಣಿನಿಂದ ತೋರಿಸುತ್ತದೆ. ಅವಳು ಸಾಯಲೆಂದು ಹುತ್ತಕ್ಕೆ ಕೈಯಿಡುವುದನ್ನು ಕಂಡಾಗ ಏನು ನಡೆಯುತ್ತಿದೆಯೆಂದು ಅವನಿಗೆ ಪೂರ್ತಿ ತಿಳಿಯದು. ಅವಳು ಒಳ್ಳೆಯವಳೆಂಬುದು ಮಾತ್ರ ತಿಳಿದಿದೆ. ಧರ್ಮಶಾಸ್ತ್ರ ಬಲ್ಲ ಹಿರಿಯರಿಗೆ ಕಾಣದ್ದು ಆ ಹುಡುಗನಿಗೆ ಕಾಣುತ್ತದೆ. ಎಸ್. ರಾಮಚಂದ್ರ ಅವರ ಕಪ್ಪು ಬಿಳುಪಿನ ಛಾಯಾಗ್ರಹಣವು ಕತ್ತಲೆಯ ಒಳಮನೆಯನ್ನೂ ಮಲೆನಾಡಿನ ಕಾಡನ್ನೂ ಅವಸರವಿಲ್ಲದೆ ತೋರಿಸುತ್ತದೆ. ಅಳು ತರಿಸುವ ಮಾತುಗಳು ಇಲ್ಲಿ ಬಹಳ ಕಡಿಮೆ. ಸ್ವರ್ಣಕಮಲ ಪಡೆದ ಈ ಚಿತ್ರದ ಪುನರುಜ್ಜೀವಿತ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನ ಕಂಡಿತು.

ಆದರೂ ಯಮುನಾ ಹೆಚ್ಚಾಗಿ ನೋಡಲ್ಪಡುವವಳೇ. ಎಂ.ಕೆ. ಇಂದಿರಾ ಅವರ ಕಾದಂಬರಿಯನ್ನು ಪ್ರೇಮಾ ಕಾರಂತರು 1983ರಲ್ಲಿ ಚಿತ್ರವಾಗಿಸಿದ ‘ಫಣಿಯಮ್ಮ’ದಲ್ಲಿ ವಿಧವೆಯೇ ನೋಡುವವಳಾಗುತ್ತಾಳೆ. ಬಾಲ್ಯದಲ್ಲೇ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು, ಮಡಿಯಲ್ಲೇ ಬಾಳು ಸವೆಸಿದ ಫಣಿಯಮ್ಮ, ಕೇಶಮುಂಡನಕ್ಕೆ ಒಪ್ಪದ ಕಿರಿಯ ವಿಧವೆ ದಾಕ್ಷಾಯಿಣಿಯ ಪರವಾಗಿ ನಿಲ್ಲುತ್ತಾಳೆ. ತಾನುಂಡ ಕಹಿ ಇನ್ನೊಬ್ಬಳಿಗೆ ಬೇಡವೆನ್ನುವ ಈ ನಿಲುವು ಉಪದೇಶವಾಗದೆ, ಅವಳ ಅನುಭವದಿಂದಲೇ ಮೂಡಿರುವುದು ಚಿತ್ರದ ದೊಡ್ಡ ಗುಣ.

1980ರ ದಶಕದ ಉತ್ತರಾರ್ಧಕ್ಕೆ ಬರುವಾಗ ದಡದಲ್ಲಿ ನಿಲ್ಲುವವರು ಬದಲಾಗಿದ್ದರು. ಪೂರ್ಣಚಂದ್ರ ತೇಜಸ್ವಿಯವರ ಕಥೆಯನ್ನು ಆಧರಿಸಿದ ಕಾಸರವಳ್ಳಿಯವರ ‘ತಬರನ ಕಥೆ’ಯಲ್ಲಿ ಚಾರುಹಾಸನ್ ಅಭಿನಯಿಸಿದ ತಬರ ನಿವೃತ್ತನಾದ ಕೆಳದರ್ಜೆಯ ಸರ್ಕಾರಿ ನೌಕರ. ಮಧುಮೇಹದಿಂದ ಹೆಂಡತಿಯ ಕಾಲಿನ ಹುಣ್ಣು ಕೊಳೆಯುತ್ತಿರುವಾಗ ಅವನು ಪಿಂಚಣಿಗಾಗಿ ಮೇಜಿನಿಂದ ಮೇಜಿಗೆ ಅಲೆಯುತ್ತಾನೆ, ಮತ್ತು ಅಲ್ಲಿ ಕುಳಿತಿರುವ ಗುಮಾಸ್ತರಲ್ಲಿ ಯಾರೂ ಕ್ರೂರಿಗಳಲ್ಲ. ಅವರು ಕಾನೂನು ಹೇಳುತ್ತಾರೆ, ಕಡತ ಬರಲಿ ಎನ್ನುತ್ತಾರೆ, ನಾಳೆ ಬಾ ಎನ್ನುತ್ತಾರೆ. ಅಷ್ಟರಲ್ಲಿ ಹೆಂಡತಿ ತೀರಿಕೊಳ್ಳುತ್ತಾಳೆ.