ವೈದ್ಯಸಹಾಯಕರ ತುರ್ತುಚಿಕಿತ್ಸಾ ಪ್ರಶಿಕ್ಷಣ

ಫಿಸಿಷಿಯನ್ ಅಸಿಸ್ಟೆಂಟ್ ಎಂದು ಪ್ರಸಿದ್ಧವಾದ ವೈದ್ಯಸಹಾಯಕ ಪದವಿಯ ವಿದ್ಯಾರ್ಥಿಗಳು ಆಸ್ಪತ್ರೆಯ ತುರ್ತು ವಿಭಾಗದಲ್ಲಿ, ವೈದ್ಯರ ನೇರ ಮೇಲ್ವಿಚಾರಣೆಗೊಳಪಟ್ಟು, ರೋಗಿಯ ಸಮ್ಮುಖದಲ್ಲಿಯೇ ಪಡೆಯುವ ಪ್ರಾಯೋಗಿಕ ಶಿಕ್ಷಣ. ಈ ವೃತ್ತಿಯು 1965ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಯೂಜೀನ್ ಸ್ಟೆಡ್ ಅವರಿಂದ, ನೌಕಾಪಡೆಯಲ್ಲಿ ವೈದ್ಯಕೀಯ ಸೇವೆ ಸಲ್ಲಿಸಿದ್ದ ನಾಲ್ವರು ವಿದ್ಯಾರ್ಥಿಗಳೊಡನೆ ಆರಂಭಗೊಂಡು, 1992ರಲ್ಲಿ ಮದ್ರಾಸ್ ಮೆಡಿಕಲ್ ಮಿಷನ್ನಿನ ಮೂಲಕ ಭಾರತದಲ್ಲಿ ಬೇರೂರಿತು; 2021ರ ಕೇಂದ್ರ ಅಧಿನಿಯಮವು ಇದಕ್ಕೆ ಶಾಸನಬದ್ಧ ಮನ್ನಣೆಯನ್ನಿತ್ತಿತು.

ತೀವ್ರತೆಗನುಸಾರವಾಗಿ ರೋಗಿಗಳ ವಿಂಗಡಣೆ, ಶ್ವಾಸಮಾರ್ಗದ ರಕ್ಷಣೆ, ಹೃದಯ-ಶ್ವಾಸ ಪುನಶ್ಚೇತನ, ಇಸಿಜಿ, ಗಾಯದ ಹೊಲಿಗೆ, ಮುರಿದ ಮೂಳೆಗೆ ದಬ್ಬೆ ಕಟ್ಟುವುದು ಇವು ಮುಖ್ಯ ಪಾಠಗಳು. ಕರ್ನಾಟಕದ ಅಂಚಿಗಿರುವ ತೆಲಂಗಾಣದ ರಾಯಿಕೋಡ್, ಜಹೀರಾಬಾದ್, ನಾರಾಯಣಖೇಡ, ತಾಂಡೂರುಗಳಂಥ ಕೃಷಿಪ್ರಧಾನ ಗಡಿಸೀಮೆಗೆ ಇವೆಲ್ಲಕ್ಕಿಂತಲೂ ವಿಷಚಿಕಿತ್ಸೆಯ ಪಾಠವೇ ಅತ್ಯಂತ ಅವಶ್ಯವಾದುದು. ಹಾವು ಕಚ್ಚಿದವನ ರಕ್ತವನ್ನು ಶುದ್ಧವೂ ಶುಷ್ಕವೂ ಆದ ಗಾಜಿನ ನಳಿಕೆಯಲ್ಲಿ 20 ನಿಮಿಷ ಅಲುಗಿಸದೆ ಇರಿಸಿ, ತರುವಾಯ ಒಮ್ಮೆ ಓರೆಮಾಡಿ, ಹೆಪ್ಪುಗಟ್ಟದಿದ್ದಲ್ಲಿ ಕೊಳಕುಮಂಡಲದಂಥ ಸರ್ಪದ ವಿಷವೇರಿರುವುದೆಂದು ಗ್ರಹಿಸಿ, ಪ್ರತಿವಿಷಕ್ಕಾಗಿ ವೈದ್ಯರಿಗೆ ಒಡನೆಯೇ ಅರುಹುವ ಈ ಪರೀಕ್ಷೆಗೆ ಯಂತ್ರವಾಗಲಿ ಪ್ರಯೋಗಾಲಯವಾಗಲಿ ಬೇಕಿಲ್ಲದಿರುವುದರಿಂದ, ಹಳ್ಳಿಯ ಆಸ್ಪತ್ರೆಗೆ ಇದರ ಮೌಲ್ಯ ಹಿರಿದು. ಕೀಟನಾಶಕ ಸೇವಿಸಿದವರಲ್ಲಿ ಕುಗ್ಗಿದ ಕಣ್ಪಾಪೆ, ಲಾಲಾಸ್ರಾವ, ಅತಿಯಾದ ಬೆವರುಗಳನ್ನು ಗುರುತಿಸಿ, ವೈದ್ಯರ ಆದೇಶದಂತೆ ಅಟ್ರೋಪಿನ್ ನೀಡಲು ಸಿದ್ಧರಾಗುವುದೂ ಇದರಲ್ಲಿ ಸೇರಿದೆ. ಸ್ವತಂತ್ರವಾಗಿ ಚಿಕಿತ್ಸೆ ನಡೆಸುವ ಅಧಿಕಾರವು ಪದವೀಧರರಿಗೂ ಇಲ್ಲ.