ಕಾರ್ಖಾನೆ ಊರಿಗೆ ಬಂದ ಕಥೆ: ಮಿರ್ಜಾ ಇಸ್ಮಾಯಿಲರ ಮೈಸೂರು ನಮಗೆ ಕಲಿಸುವ ಪಾಠ



ನಾವು ದಿನನಿತ್ಯ ಬಳಸುವ 'ಕಾರ್ಖಾನೆ' ಎಂಬ ಪದವನ್ನು ಒಮ್ಮೆ ಗಮನಿಸಿ. ಇದು ಫಾರ್ಸಿ ಮೂಲದಿಂದ ಉರ್ದುವಿಗೂ ಕನ್ನಡಕ್ಕೂ ಬಂದ ಪದ. 'ಕಾರ್' ಎಂದರೆ ಕೆಲಸ, 'ಖಾನಾ' ಎಂದರೆ ಮನೆ. ಕೆಲಸ ಇರುವ ಮನೆಯೇ ಕಾರ್ಖಾನೆ. ತರಗತಿಯಲ್ಲಿ ಈ ಪದದ ಅರ್ಥ ಹೇಳಿದ ದಿನ, ಓದು ಮುಗಿದ ಮೇಲೆ ಇದೇ ಊರಿನಲ್ಲಿ ದುಡಿಯಬೇಕೆಂದು ಇರುವವರು ಕೈ ಎತ್ತಿ ಎಂದೆ. ಎದ್ದದ್ದು ಮೂರೋ ನಾಲ್ಕೋ ಕೈಗಳು. ಉಳಿದವರೆಲ್ಲ ಬೆಂಗಳೂರು ಎಂದರು, ಕೆಲವರು ದುಬೈ ಎಂದರು. ಹಿಂದಿನ ಬೆಂಚಿನ ಹುಡುಗನೊಬ್ಬ, "ಸರ್, ಊರಲ್ಲಿ ಕೆಲಸ ಇದ್ದರೆ ತಾನೇ ಇರೋದು?" ಎಂದು ಕೇಳಿಯೇಬಿಟ್ಟ.

ಆ ಹುಡುಗನ ಪ್ರಶ್ನೆಗೆ ಇತಿಹಾಸದಲ್ಲಿ ಉತ್ತರವಿದೆ. ಸುಮಾರು ನೂರು ವರ್ಷಗಳ ಹಿಂದೆ ನಮ್ಮ ನಾಡಿನ ಒಂದು ಸರ್ಕಾರವೇ ಕೆಲಸವನ್ನು ಊರಿಗೆ ಕರೆತರಲು ಮುಂದಾಗಿತ್ತು. ಆ ಪ್ರಯತ್ನಕ್ಕೆ ಹದಿನೈದು ವರ್ಷಗಳ ಕಾಲ ಮುಂದಾಳುವಾಗಿದ್ದವರು ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್.

ಬರಗಾಲ ಕಲಿಸಿದ ಪಾಠ

ಈ ಕಥೆಯ ಆರಂಭ ಹಸಿವಿನಿಂದ. 1876ರಿಂದ 1878ರವರೆಗಿನ ಭೀಕರ ಬರಗಾಲ ಮೈಸೂರು ಸಂಸ್ಥಾನವನ್ನು ಅಲ್ಲಾಡಿಸಿಬಿಟ್ಟಿತು. 1871ರ ಜನಗಣತಿಯಲ್ಲಿ 50 ಲಕ್ಷಕ್ಕೂ ಹೆಚ್ಚಿದ್ದ ಜನಸಂಖ್ಯೆ 1881ರ ಹೊತ್ತಿಗೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಮಳೆಯೊಂದನ್ನೇ ನಂಬಿದ ಬೇಸಾಯದಿಂದ ಎಲ್ಲರ ಹೊಟ್ಟೆ ತುಂಬದು ಎಂಬ ಸತ್ಯ ಆಳುವವರಿಗೆ ಮನದಟ್ಟಾಯಿತು.

1902ರಲ್ಲಿ ಶಿವನಸಮುದ್ರದಲ್ಲಿ ತಯಾರಾದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯಿತು. ಸರ್ ಎಂ. ವಿಶ್ವೇಶ್ವರಯ್ಯನವರ ಮುತುವರ್ಜಿಯಿಂದ 1911ರಲ್ಲಿ ಮೈಸೂರು ಆರ್ಥಿಕ ಸಮ್ಮೇಳನ ಆರಂಭವಾಯಿತು. 1913ರಲ್ಲಿ ಮೈಸೂರು ಬ್ಯಾಂಕ್ ಹುಟ್ಟಿತು. 1914ರಲ್ಲಿ ಮೊದಲ ಮಹಾಯುದ್ಧ ಆರಂಭವಾಗಿ ಯೂರೋಪಿಗೆ ಹೋಗುತ್ತಿದ್ದ ಶ್ರೀಗಂಧದ ಮರ ಇಲ್ಲಿಯೇ ಉಳಿದಾಗ, ಮರವನ್ನು ಕಳಿಸುವ ಬದಲು ಎಣ್ಣೆಯನ್ನೇ ಇಲ್ಲಿ ತೆಗೆಯೋಣ ಎಂದು ಸರ್ಕಾರ ನಿರ್ಧರಿಸಿತು. ಗಂಧದೆಣ್ಣೆಯ ಕಾರ್ಖಾನೆಗಳೂ ಮುಂದೆ ಮೈಸೂರು ಸ್ಯಾಂಡಲ್ ಸೋಪೂ ಬಂದದ್ದು ಹೀಗೆ. ಕಚ್ಚಾ ವಸ್ತು ಎಲ್ಲಿದೆಯೋ ದುಡಿಮೆಯೂ ಅಲ್ಲಿಯೇ ಇರಲಿ ಎಂಬ ನೀತಿ ಇದರ ಹಿಂದಿತ್ತು.

ಮಂಡ್ಯದ ಸಕ್ಕರೆ

ಮಿರ್ಜಾ ಇಸ್ಮಾಯಿಲರು 1883ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದರು. ಅವರ ತಾತ ಆಗಾ ಅಲಿ ಅಸ್ಕರ್ ಇರಾನಿನ ಶಿರಾಜಿನಿಂದ ಕುದುರೆ ವ್ಯಾಪಾರಕ್ಕೆ ಬಂದು ಇಲ್ಲಿಯೇ ನೆಲೆಸಿದವರು. ಬಾಲಕ ಇಸ್ಮಾಯಿಲ್ ಮೈಸೂರಿನ ಅರಮನೆಯ ಶಾಲೆಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಸಹಪಾಠಿಯಾಗಿ ಓದಿದರು. ಒಂದೇ ತರಗತಿಯಲ್ಲಿ ಕುಳಿತಿದ್ದ ಆ ಇಬ್ಬರು 1926ರಲ್ಲಿ ಮಹಾರಾಜ ಮತ್ತು ದಿವಾನರಾಗಿ ಒಂದಾಗಿ ನಾಡಿನ ಹೊಣೆ ಹೊತ್ತರು. ಮಿರ್ಜಾ 1941ರವರೆಗೆ ದಿವಾನರಾಗಿದ್ದರು.

ಈಗ ನಾವು ಸಕ್ಕರೆಯ ನಾಡು ಎಂದು ಕರೆಯುವ ಮಂಡ್ಯ ಆಗ ಒಣಭೂಮಿಯ ಸಣ್ಣ ಊರು. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರ ಅಣೆಕಟ್ಟೆಯ ಕೆಲಸ 1930ರ ದಶಕದ ಆರಂಭಕ್ಕೆ ಮುಗಿಯಿತು. ಹುಲಿಕೆರೆಯ ಬಳಿ ಗುಡ್ಡವನ್ನು ಕೊರೆದು ಸುರಂಗ ಮಾಡಿ, ಅದರ ಮೂಲಕ ಇರ್ವಿನ್ ನಾಲೆಯನ್ನು ಹರಿಸಲಾಯಿತು. ಇಂದು ಅದು ವಿಶ್ವೇಶ್ವರಯ್ಯ ನಾಲೆ. ನೀರು ಬಂತು, ಕಬ್ಬೂ ಬೆಳೆಯಿತು. ಆದರೆ ಬೆಳೆದ ಕಬ್ಬನ್ನು ಕೊಳ್ಳುವವರು ಯಾರು? ಬೆಲ್ಲವೊಂದನ್ನೇ ನಂಬಿದರೆ ರೈತನಿಗೆ ಬೆಲೆ ಸಿಗುವ ಖಾತರಿಯಿರಲಿಲ್ಲ. ಆದ್ದರಿಂದ 1933ರಲ್ಲಿ ಮೈಸೂರು ಸಕ್ಕರೆ ಕಂಪನಿಯನ್ನು ಮಂಡ್ಯದಲ್ಲಿಯೇ ಸ್ಥಾಪಿಸಲಾಯಿತು. ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಅವರ ಶ್ರಮ ಇದರಲ್ಲಿ ದೊಡ್ಡದು. ಸರ್ಕಾರ ಷೇರುಗಳನ್ನು ಕೊಂಡಿತು, ಸಾರ್ವಜನಿಕರೂ ಕೊಂಡರು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯೇ ಆಯಿತು.

ಇಲ್ಲಿ ಒಂದು ಕ್ರಮವನ್ನು ಗಮನಿಸಿ. ಮೊದಲು ನೀರು, ನಂತರ ಬೆಳೆ, ಬಳಿಕ ಕಾರ್ಖಾನೆ, ಕಾರ್ಖಾನೆಯಿಂದ ಲಾರಿ, ಗಾಡಿ, ಅಂಗಡಿ, ಶಾಲೆ. ಮೊದಲ ಎರಡು ಹೆಜ್ಜೆಗಳಿಗೆ ಬೇಕಾದಷ್ಟು ಹಣ ಯಾವ ಸಾಹುಕಾರನ ಬಳಿಯೂ ಇರಲಿಲ್ಲ. ಅದನ್ನು ಸರ್ಕಾರವೇ ಹಾಕಬೇಕಾಯಿತು. ದಾರಿ ತೆರೆದ ಮೇಲೆ ಖಾಸಗಿಯವರ ಬಂಡವಾಳವೂ ಹಿಂಬಾಲಿಸಿತು.

ಬೆಂಕಿಪುರ ಭದ್ರಾವತಿಯಾದದ್ದು

ಮಲೆನಾಡಿನ ಬೆಂಕಿಪುರ ಎಂಬ ಊರೇ ಇಂದಿನ ಭದ್ರಾವತಿ. ಕೆಮ್ಮಣ್ಣುಗುಂಡಿಯ ಅದಿರು ಮತ್ತು ಸುತ್ತಲಿನ ಕಾಡಿನ ಸೌದೆಯ ಇದ್ದಿಲನ್ನು ನಂಬಿ ಸ್ಥಾಪಿಸಿದ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. ಯುದ್ಧದ ನಂತರ ಕಬ್ಬಿಣದ ಬೆಲೆ ಕುಸಿದು ಭಾರೀ ನಷ್ಟವಾಯಿತು. ಮುಚ್ಚಿಬಿಡಿ ಎಂದವರು ಕಡಿಮೆಯೇನಲ್ಲ. ಆದರೂ ಸರ್ಕಾರ ಕೈಬಿಡಲಿಲ್ಲ. ಮಿರ್ಜಾರ ಕಾಲದಲ್ಲಿ ಅಲ್ಲಿಗೆ ಉಕ್ಕು, ಸಿಮೆಂಟ್, ಕಾಗದದ ಉತ್ಪಾದನೆಗಳು ಸೇರಿ ಒಂದು ಊರಿಗೆ ಊರೇ ದುಡಿಮೆಯ ತಾಣವಾಯಿತು.

ಆದರೆ ಮಿತ್ರರೇ, ಕಥೆಯ ಉಳಿದ ಭಾಗವನ್ನೂ ಹೇಳಬೇಕು. ಭದ್ರಾವತಿಯ ಕಾಗದದ ಕಾರ್ಖಾನೆಯ ಯಂತ್ರಗಳು ನಿಂತು ವರ್ಷಗಳೇ ಕಳೆದಿವೆ. 2023ರ ಜನವರಿಯಲ್ಲಿ ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ ಪ್ರಕಟವಾದಾಗ ಕಾರ್ಮಿಕರು ಬೀದಿಗಿಳಿದು ಹೋರಾಡಬೇಕಾಯಿತು. ಮಂಡ್ಯದ ಸಕ್ಕರೆ ಕಾರ್ಖಾನೆಯೂ ಕೆಲವು ವರ್ಷ ಕಬ್ಬು ಅರೆಯದೆ ನಿಂತು, 2022ರಲ್ಲಿ ಮತ್ತೆ ಆರಂಭವಾಯಿತು. ಒಂದೇ ಕಾರ್ಖಾನೆಯ ಮೇಲೆ ನಿಂತ ಊರಿನಲ್ಲಿ ಆ ಚಿಮಣಿಯ ಹೊಗೆ ನಿಂತರೆ ಹೋಟೆಲಿನವನಿಂದ ಹಿಡಿದು ಟ್ಯೂಷನ್ ಮೇಷ್ಟ್ರವರೆಗೆ ಎಲ್ಲರ ಮನೆಯ ಒಲೆಗೂ ಅದರ ಬಿಸಿ ತಟ್ಟುತ್ತದೆ.

ರೇಷ್ಮೆಯ ಎಳೆ

ಹಾಗಾದರೆ ಇಷ್ಟು ಏರಿಳಿತಗಳ ನಡುವೆಯೂ ಉಳಿದುಬಂದ ದುಡಿಮೆ ಯಾವುದು? ಅದಕ್ಕೆ ರೇಷ್ಮೆಯನ್ನು ನೋಡಬೇಕು. 1786ರಲ್ಲಿ ಟಿಪ್ಪು ಸುಲ್ತಾನರು ಬರೆಸಿದ ಪತ್ರಗಳಲ್ಲಿ ಇದರ ಪ್ರಸ್ತಾಪವಿದೆ. ರೇಷ್ಮೆಹುಳು ತರಲು ಬಂಗಾಳಕ್ಕೆ ಹೋಗಿದ್ದ ಬಹಾಉದ್ದೀನ್ ಮತ್ತು ಕಸ್ತೂರಿ ರಂಗ ಹಿಂದಿರುಗುತ್ತಿದ್ದಾರೆ, ಹುಳುಗಳಿಗೆ ತಕ್ಕ ಸ್ಥಳ ಸಿದ್ಧಪಡಿಸಿ ಎಂದು ಶ್ರೀರಂಗಪಟ್ಟಣದ ಕಿಲ್ಲೇದಾರರಿಗೆ ಆಜ್ಞೆ ಹೋಗಿತ್ತು. ರಾಜ್ಯದ 21 ಕೇಂದ್ರಗಳಲ್ಲಿ ಹುಳು ಸಾಕುವ ಯೋಜನೆ ಅವರದು. ರಾಜಧಾನಿಯೊಂದರಲ್ಲೇ ಇರದೆ ದುಡಿಮೆ ನಾಡಿನಾದ್ಯಂತ ಹರಡಲಿ ಎಂಬ ವಿಚಾರ ಎಷ್ಟು ಹಳೆಯದು ನೋಡಿ!

1930ರ ದಶಕದಲ್ಲಿ ಚೀನಾ ಮತ್ತು ಜಪಾನಿನ ಅಗ್ಗದ ರೇಷ್ಮೆ ಮಾರುಕಟ್ಟೆಗೆ ನುಗ್ಗಿ ಮೈಸೂರಿನ ರೈತರೂ ನೂಲು ಬಿಚ್ಚುವವರೂ ಕಂಗಾಲಾದರು. 1934ರಲ್ಲಿ ಹೊರಗಿನ ರೇಷ್ಮೆಯ ಮೇಲೆ ರಕ್ಷಣಾ ಸುಂಕ ಬಂತು. ಚನ್ನಪಟ್ಟಣದಲ್ಲಿ ಸ್ಪನ್ ಸಿಲ್ಕ್ ಗಿರಣಿ ತಲೆಯೆತ್ತಿತು. ನೂಲು ಬಿಚ್ಚುವಾಗ ಉಳಿಯುವ ತ್ಯಾಜ್ಯಕ್ಕೂ ಅಲ್ಲಿ ಬೆಲೆ ಸಿಕ್ಕಿತು. ಎರಡನೆಯ ಮಹಾಯುದ್ಧದಲ್ಲಿ ಪ್ಯಾರಾಚೂಟ್‌ಗೆ ರೇಷ್ಮೆ ಬೇಕಾದಾಗ ಬೇಡಿಕೆ ಏರಿತು. ಸ್ವಾತಂತ್ರ್ಯಾನಂತರ, 1959ರ ಕಾಯಿದೆಯಿಂದ ರೇಷ್ಮೆಗೂಡನ್ನು ಸರ್ಕಾರಿ ಮಾರುಕಟ್ಟೆಯಲ್ಲಿ ಹರಾಜಿನ ಮೂಲಕ ಮಾರುವ ವ್ಯವಸ್ಥೆ ಬಂತು. ರಾಮನಗರ, ಶಿಡ್ಲಘಟ್ಟದ ಮಾರುಕಟ್ಟೆಗಳು ಇಂದು ದೇಶಕ್ಕೇ ಹೆಸರಾಗಿವೆ. ಹಳ್ಳಿಯ ರೈತ ಹಿಪ್ಪುನೇರಳೆ ಬೆಳೆದು ಗೂಡು ತರುತ್ತಾನೆ. ನಮ್ಮ ಸಮುದಾಯದ ಸಾವಿರಾರು ಕುಟುಂಬಗಳು ಅದನ್ನು ಕೊಂಡು ನೂಲು ಬಿಚ್ಚುತ್ತವೆ. ಇಬ್ಬರಲ್ಲಿ ಒಬ್ಬರಿಲ್ಲದೆ ಇನ್ನೊಬ್ಬರ ಬದುಕಿಲ್ಲ. ಇಲ್ಲಿ ಹುನರ್, ಅಂದರೆ ಕೌಶಲ, ಜನರ ಕೈಯಲ್ಲಿಯೇ ಇತ್ತು. ಅದಕ್ಕೆ ಮಾರುಕಟ್ಟೆ ಮತ್ತು ರಕ್ಷಣೆ ಒದಗಿಸಿದ್ದು ಸರ್ಕಾರ. ಈ ಎರಡೂ ಕೂಡಿದ್ದರಿಂದಲೇ ಈ ಉದ್ಯಮ ಇಂದಿಗೂ ಜೀವಂತವಾಗಿದೆ.

ಬಾಗಿಲು ಯಾರಿಗೆ ತೆರೆದಿತ್ತು?

ಉದ್ಯೋಗ ಸೃಷ್ಟಿಯಾದರೂ ಅದು ಯಾರ ಪಾಲಾಯಿತು ಎಂಬ ಪ್ರಶ್ನೆ ಉಳಿಯುತ್ತದೆ. 1917ರಲ್ಲಿ ಹುಟ್ಟಿದ ಪ್ರಜಾಮಿತ್ರ ಮಂಡಳಿಯಲ್ಲಿ ಹಿಂದುಳಿದ ಸಮುದಾಯಗಳ ನಾಯಕರ ಜೊತೆಗೆ ಗುಲಾಮ್ ಅಹ್ಮದ್ ಕಲಾಮಿ ಅವರೂ ಇದ್ದರು. ಅವರ ಒತ್ತಾಯದ ಫಲವಾಗಿ 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಸಮಿತಿ ನೇಮಕವಾಯಿತು. ಸರ್ಕಾರಿ ಹುದ್ದೆಗಳಲ್ಲಿ ಮುಸ್ಲಿಮರೂ ಸೇರಿದಂತೆ ಹಿಂದುಳಿದ ಸಮುದಾಯಗಳಿಗೆ ನ್ಯಾಯವಾದ ಪಾಲು ಮತ್ತು ಓದಲು ವಿದ್ಯಾರ್ಥಿವೇತನ ಕೊಡಬೇಕೆಂದು ಅದು ಶಿಫಾರಸು ಮಾಡಿತು. ಪ್ರದೇಶಗಳ ನಡುವಿನ ಸಮತೋಲನ ಮತ್ತು ಸಮುದಾಯಗಳ ನಡುವಿನ ಸಮತೋಲನ ಒಂದೇ ನ್ಯಾಯದ ಎರಡು ಮುಖಗಳು ಎಂಬುದನ್ನು ನಾವು ಮರೆಯಬಾರದು.

ಹಿಂದೆ ಉಳಿದ ಜಿಲ್ಲೆಗಳು

ಇತ್ತ ಮೈಸೂರಿನಲ್ಲಿ ಇಷ್ಟೆಲ್ಲ ನಡೆಯುತ್ತಿದ್ದಾಗ ಬೀದರ್, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಅಲ್ಲಿಯೂ 1929ರಲ್ಲಿ ಒಂದು ಕೋಟಿ ರೂಪಾಯಿಯ ಕೈಗಾರಿಕಾ ನಿಧಿ ಸ್ಥಾಪನೆಯಾಗಿತ್ತು. ಆದರೆ ಆ ಕಾಲದ ಹೆಸರಾಂತ ಕಾರ್ಖಾನೆಗಳಾದ ವಾರಂಗಲ್‌ನ ಆಜಂ ಜಾಹಿ ಗಿರಣಿ, ಬೋಧನ್‌ನ ನಿಜಾಂ ಸಕ್ಕರೆ ಕಾರ್ಖಾನೆ ಎರಡೂ ತೆಲಂಗಾಣದಲ್ಲಿ ತಲೆಯೆತ್ತಿದವು. ಕನ್ನಡ ಜಿಲ್ಲೆಗಳಿಗೆ ಮಂಡ್ಯ, ಭದ್ರಾವತಿಗಳಂಥ ಭಾಗ್ಯ ಬರಲಿಲ್ಲ. ಬೀದರಿನ ಬಿದ್ರಿ ಕಲೆಯ ಕುಶಲಕರ್ಮಿಗಳ ಕೈಚಳಕ ಲೋಕಪ್ರಸಿದ್ಧ, ಆದರೆ ಅವರ ಬದುಕು ಆ ಬೆಳ್ಳಿಯ ಎಳೆಯಷ್ಟು ಹೊಳೆಯಲಿಲ್ಲ.

1956ರಲ್ಲಿ ಕನ್ನಡ ನಾಡು ಒಂದಾಯಿತು. ಅಂತರ ಮಾತ್ರ ಅಳಿಯಲಿಲ್ಲ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಸಲ್ಲಿಸಿದ ವರದಿಯಲ್ಲಿ ಆಗಿನ 175 ತಾಲ್ಲೂಕುಗಳ ಪೈಕಿ 114 ಹಿಂದುಳಿದಿವೆ ಎಂದು ಗುರುತಿಸಲಾಯಿತು. ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ 21 ಗುಲ್ಬರ್ಗಾ ವಿಭಾಗದಲ್ಲಿಯೇ ಇದ್ದವು. ಎಂಟು ವರ್ಷಗಳಲ್ಲಿ ಸುಮಾರು 31,000 ಕೋಟಿ ರೂಪಾಯಿ ವೆಚ್ಚ ಮಾಡಬೇಕೆಂದು ಸಮಿತಿ ಹೇಳಿತು. ಮುಂದೆ 2012ರ ಸಂವಿಧಾನ ತಿದ್ದುಪಡಿಯಿಂದ 371(ಜೆ) ವಿಧಿ ಬಂದು, ಆ ಭಾಗದವರಿಗೆ ಶಿಕ್ಷಣ ಮತ್ತು ಸರ್ಕಾರಿ ಉದ್ಯೋಗದಲ್ಲಿ ಮೀಸಲಾತಿಯೂ ಪ್ರತ್ಯೇಕ ಅಭಿವೃದ್ಧಿ ಮಂಡಳಿಯೂ ದೊರೆತವು. 2019ರಿಂದ ಆ ಪ್ರದೇಶದ ಹೆಸರು ಕಲ್ಯಾಣ ಕರ್ನಾಟಕ. ಹೆಸರಿಗೆ ತಕ್ಕ ಕಲ್ಯಾಣ ಆಗಬೇಕಾದರೆ ಮಂಡ್ಯದ ಕ್ರಮವನ್ನೇ ಅನುಸರಿಸಬೇಕು. ಬರೀ ಹಣ ಬಿಡುಗಡೆಯಾದರೆ ಸಾಲದು, ಅಲ್ಲಿಯ ತೊಗರಿಗೆ, ಹತ್ತಿಗೆ, ಕುಶಲಕರ್ಮಿಗಳ ಕೈಗೆ ಹೊಂದುವ ದುಡಿಮೆ ಅಲ್ಲಿಯೇ ಹುಟ್ಟಬೇಕು.

ನಮ್ಮ ಪಾಲಿನ ಕೆಲಸ

ಪ್ರಿಯ ವಿದ್ಯಾರ್ಥಿಗಳೇ, ಸರ್ಕಾರ ನೀರು ತರಬಹುದು, ವಿದ್ಯುತ್ತು ಕೊಡಬಹುದು, ಸಾಲ ಕೊಡಬಹುದು. ಸಣ್ಣ ಕೈಗಾರಿಕೆಗಳಿಗೆ ಸಾಲ ನೀಡಲು 1959ರಿಂದ ರಾಜ್ಯ ಹಣಕಾಸು ಸಂಸ್ಥೆಯಿದೆ. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದಲ್ಲಿ ವೃತ್ತಿಶಿಕ್ಷಣಕ್ಕೆ 'ಅರಿವು', ಕುಶಲಕರ್ಮಿಗಳಿಗೆ 'ಶ್ರಮಶಕ್ತಿ' ಎಂಬ ಯೋಜನೆಗಳಿವೆ. ಆದರೆ ಅರ್ಜಿ ಬರೆಯಲು ಓದು ಬೇಕು, ಲೆಕ್ಕ ಇಡಲು ಗಣಿತ ಬೇಕು, ಕಚೇರಿಯಲ್ಲಿ ಮಾತನಾಡಲು ಶುದ್ಧ ಕನ್ನಡ ಬೇಕು. ತಂದೆಯ ಚರಕದ ಮುಂದೆ ಕೂರಲು ಏಳನೇ ತರಗತಿಗೇ ಶಾಲೆ ಬಿಡುವ ಹುಡುಗ ನೂಲನ್ನೇನೋ ಬಿಚ್ಚುತ್ತಾನೆ, ಆದರೆ ಆ ನೂಲಿನ ಬೆಲೆಯನ್ನು ಜೀವನಪರ್ಯಂತ ಬೇರೆಯವರೇ ನಿರ್ಧರಿಸುತ್ತಾರೆ. ಅವನೇ ಓದು ಮುಗಿಸಿ, ಐ.ಟಿ.ಐ. ಅಥವಾ ಡಿಪ್ಲೊಮಾ ಮಾಡಿ ಹಿಂದಿರುಗಿದರೆ ಅದೇ ಮನೆಯಲ್ಲಿ ಹತ್ತು ಜನರಿಗೆ ಕೆಲಸ ಕೊಡಬಲ್ಲ.

ನಮ್ಮ ಸಂಘದ ಸದಸ್ಯರಲ್ಲಿ ನನ್ನದೊಂದು ವಿನಂತಿ. ವರ್ಷಕ್ಕೊಮ್ಮೆ ಪ್ರತಿಭಾವಂತರಿಗೆ ಬಹುಮಾನ ಕೊಡುವುದರ ಜೊತೆಗೆ, ಶಾಲೆ ಬಿಟ್ಟ ಮಕ್ಕಳ ಪಟ್ಟಿಯನ್ನೂ ಮಾಡೋಣ. ಸರ್ಕಾರದ ಯೋಜನೆಗಳ ಅರ್ಜಿ ತುಂಬಿಸಲು ವಾರಕ್ಕೊಂದು ಸಂಜೆ ಮೀಸಲಿಡೋಣ. ಹಿಂದಿನ ಬೆಂಚಿನ ಆ ಹುಡುಗನಿಗೆ ಅಂದು ನಾನು ಇತಿಹಾಸವನ್ನಷ್ಟೇ ಹೇಳಬಲ್ಲವನಾದೆ. ಅವನ ತಮ್ಮ ನಮ್ಮ ಶಾಲೆಗೆ ಬರುವ ಹೊತ್ತಿಗಾದರೂ ಈ ಊರಿನ ಒಂದೆರಡು 'ಕೆಲಸದ ಮನೆ'ಗಳ ವಿಳಾಸ ಹೇಳುವಂತಾಗಲಿ ಎಂಬುದೇ ನನ್ನ ದುಆ.